ಹೆಡ್‌ಮಾಸ್ಟರಿಗೂ ಬಡಿಸಿದ ಗುಟ್ಟಿನ ಸಂಘ

ಓರಾಲೀ ದುವರ್ನೆಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ನಾಲ್ಕನೇ ಕ್ಲಾಸಿನ ಮಕ್ಕಳ ಮುಂದೆ ನಿಂತ ಗಂಟಲು ಅದು. ಕೊನೆಯ ಸಾಲಿಗೆ ಕೇಳಿಸುವ ಒಂದೇ ಅಳತೆ ಅದಕ್ಕೆ ಗೊತ್ತಿದ್ದದ್ದು. ಚರ್ಚಿನಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ "ಆಲ್ಸೀಡ್, ಪಾದ್ರಿ ಹಾಕಿರೋ ಷೂ ಎರಡೂ ಬೇರೆ ಬೇರೆ ಜೊತೇದು ನೋಡು" ಅಂದರೆ, ಪಾದ್ರಿ ಪ್ರಸಂಗ ನಿಲ್ಲಿಸಿ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಇಂಥವಳು ನಮ್ಮ ಶಾಲೆಯಲ್ಲಿ ನಾಲ್ಕು ತಿಂಗಳು ಯಾರಿಗೂ ತಿಳಿಯದ ಹಾಗೆ ಶಿಕ್ಷಕರ ಸಂಘ ಕಟ್ಟಿದಳು. ಪಕ್ಕದಲ್ಲೇ ಕೂತಿದ್ದ ನನಗೇ ಅದನ್ನು ನಂಬುವುದು ಕಷ್ಟ.

ಅವಳು ತೀರಿಹೋಗಿ ಮೂರು ವಾರವಾಯಿತು. ಚರ್ಚಿನಲ್ಲಿ ಎದ್ದು ನಿಂತವರೆಲ್ಲ ಅವಳ ತ್ಯಾಗ, ಧೈರ್ಯ ಎಂದು ದೊಡ್ಡ ಮಾತುಗಳನ್ನು ಆಡಿದರು. ಯಾವುದೂ ಸುಳ್ಳಲ್ಲ. ಆದರೆ ಅಷ್ಟು ಹೊತ್ತು ಕೂತರೂ ಯಾರೊಬ್ಬರೂ ನಗಲಿಲ್ಲ, ಮತ್ತು ಓರಾಲೀ ಇದ್ದ ಕೋಣೆಯಲ್ಲಿ ಅಷ್ಟು ಹೊತ್ತು ಯಾರೂ ನಗದೆ ಇದ್ದದ್ದು ನನಗೆ ನೆನಪಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನ್ಯೂ ಆರ್ಲಿಯನ್ಸಿನಲ್ಲಿ ದೊಡ್ಡ ಪ್ರವಾಹ ಬಂದ ವರ್ಷ ಊರಿನ ಶಾಲೆಗಳ ಶಿಕ್ಷಕರನ್ನೆಲ್ಲ ಒಟ್ಟಿಗೆ ಕೆಲಸದಿಂದ ತೆಗೆದರು. ಓರಾಲೀ ಆಗ ಹ್ಯೂಸ್ಟನ್ನಿನಲ್ಲಿ ಅಕ್ಕನ ಮನೆಯ ಸೋಫಾದ ಮೇಲೆ ಮಲಗುತ್ತಿದ್ದಳು. ಕೆಲಸದಿಂದ ತೆಗೆದ ಕಾಗದ ಮಾತ್ರ ತಾರಸಿಯವರೆಗೆ ನೀರು ನಿಂತಿದ್ದ ಅವಳ ಮನೆಯ ವಿಳಾಸಕ್ಕೆ ಹೋಯಿತು. "ನನ್ನನ್ನ ತೆಗೆದ ಸುದ್ದಿ ಮೊದ್ಲು ಮೀನುಗಳಿಗೆ ಗೊತ್ತಾಯ್ತು," ಅನ್ನುತ್ತಿದ್ದಳು.

ಮರಳಿ ಬಂದಾಗ ಶಾಲೆಗಳೆಲ್ಲ ಒಂದೊಂದಾಗಿ ಚಾರ್ಟರ್ ಆಗುತ್ತಿದ್ದವು. ಹಣ ಸರ್ಕಾರದ್ದು, ನಡೆಸುವವರು ಖಾಸಗಿ ಮಂಡಳಿಗಳವರು. ಹಳೆಯ ಸಂಘ, ಅದು ಮಾಡಿಸಿಕೊಂಡಿದ್ದ ಒಪ್ಪಂದ, ಎರಡೂ ನೀರಿನ ಜೊತೆ ಹೋಗಿದ್ದವು. ತಾನು ಹದಿನೈದು ವರ್ಷ ಪಾಠ ಮಾಡಿದ ಕಟ್ಟಡದಲ್ಲೇ ಓರಾಲೀ ಕೆಲಸಕ್ಕೆ ಅರ್ಜಿ ಹಾಕಿ ಸಂದರ್ಶನಕ್ಕೆ ಕೂತಳು. ಪ್ರಶ್ನೆ ಕೇಳಿದವಳಿಗೆ ಇಪ್ಪತ್ತನಾಲ್ಕು ವರ್ಷ.

"ಮಕ್ಕಳ ಮುಂದೆ ನಿಂತ ಅನುಭವ ಇದೆಯಾ?"

"ಇದೆ ಕಂದಾ. ನಿಮ್ಮಮ್ಮ ಲಂಗ ಹಾಕ್ಕೊಂಡು ಓಡಾಡ್ತಿದ್ದ ಕಾಲದಿಂದ."

ಕೆಲಸ ಸಿಕ್ಕಿತು. ಆದರೆ ಅದು ಒಂದು ವರ್ಷದ ಕೆಲಸ. ಪ್ರತಿ ಏಪ್ರಿಲ್‌ನಲ್ಲಿ ನಮಗೆಲ್ಲ ಒಂದು ಪುಟದ ಕಾಗದ ಬರುತ್ತಿತ್ತು. ಮುಂದಿನ ವರ್ಷ ನೀವು ಬೇಕು, ಅಥವಾ ಬೇಡ. ಬೇಡ ಎಂದರೆ ಯಾಕೆ ಬೇಡ ಎಂದು ಅದರಲ್ಲಿ ಇರುತ್ತಿರಲಿಲ್ಲ. ಹೀಗೇ ಹನ್ನೊಂದು ಏಪ್ರಿಲ್ ಕಳೆದವು. ಆ ಹನ್ನೊಂದು ವರ್ಷದಲ್ಲಿ ಓರಾಲೀ ಒಂದು ದಿನವೂ ರಜೆ ಹಾಕಲಿಲ್ಲ. ಹಲ್ಲು ಕೀಳಿಸಿಕೊಂಡ ದಿನವೂ ಬಾಯಲ್ಲಿ ಹತ್ತಿ ಇಟ್ಟುಕೊಂಡು ಭಿನ್ನರಾಶಿ ಹೇಳಿಕೊಟ್ಟಳು. ಮಕ್ಕಳಿಗೆ ಅವತ್ತು ಮಾತ್ರ ಅವಳ ದನಿ ಕಿವಿಗೆ ಹಿತವಾಗಿತ್ತಂತೆ.

ಹನ್ನೆರಡನೇ ಏಪ್ರಿಲ್‌ನಲ್ಲಿ ವ್ಯಾಯಾಮದ ಮೇಷ್ಟ್ರು ಥಿಯೋಫೀಲ್‌ಗೆ "ಬೇಡ" ಬಂತು. ಒಂಬತ್ತು ವರ್ಷ ಇದ್ದ ಮನುಷ್ಯ. "ನಮ್ಮ ಧ್ಯೇಯಕ್ಕೆ ನೀವು ಹೊಂದಿಕೆಯಾಗುವುದಿಲ್ಲ" ಎಂಬ ಒಂದು ಸಾಲು ಬಿಟ್ಟರೆ ಕಾರಣ ಏನೂ ಇರಲಿಲ್ಲ. ಆತ ಆ ಕಾಗದ ಹಿಡಿದುಕೊಂಡು ಒಂದು ವಾರ ಶಾಲೆಯೆಲ್ಲ ಸುತ್ತಿ "ನಾನು ಎಲ್ಲಿ ಹೊಂದಲಿಲ್ಲ?" ಎಂದು ಸಿಕ್ಕಸಿಕ್ಕವರನ್ನು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಆ ಶನಿವಾರ ಓರಾಲೀ ನನ್ನ ಮನೆಗೆ ಬಂದಳು.

"ತೆಗೀಲಿ ಆಲ್ಸೀಡ್, ತೆಗೀಲೇಬಾರ್ದು ಅಂತ ನಾನು ಹೇಳಲ್ಲ. ಆದ್ರೆ ಯಾಕೆ ಅಂತ ಬರೆದು ಕೊಡ್ಲಿ. ಒಂಬತ್ತು ವರ್ಷದ ಮಗೂನ ಫೇಲ್ ಮಾಡಿದ್ರೂ ನಾನು ಕೆಂಪು ಇಂಕಲ್ಲಿ ಯಾಕೆ ಅಂತ ಬರೀತೀನಿ. ನಾವು ಆ ಮಗೂಗಿಂತ ಕಡೆಯಾ?"

"ಸಂಘ ಕಟ್ಬೇಕು ಅಂತೀಯಾ?"

"ಮತ್ತೇನು ಕೇಕ್ ಮಾಡೋಣ ಅಂತ ಬಂದ್ನಾ?"

"ಸಿಕ್ಕಿಬಿದ್ರೆ ಮುಂದಿನ ಏಪ್ರಿಲ್‌ನ ಮೊದಲನೇ ಕಾಗದ ನಿಂದೇ."

ಅವಳು ಕುರ್ಚಿ ಎಳೆದು ಕೂತಳು. "ಅದೇ ಹೆದರಿಕೆ. ಅರವತ್ತೊಂದು ತುಂಬಿತು. ಇನ್ನೊಂದ್ಸಲ ಯಾವ ಹುಡುಗಿ ಮುಂದೆ ಕೂತ್ಕೊಂಡು ಅನುಭವ ಇದೆ ಅಂತ ಹೇಳ್ಲಿ? ನನಗೆ ನಾಲ್ಕನೇ ಕ್ಲಾಸ್ ಬಿಟ್ರೆ ಬೇರೆ ಏನೂ ಬರಲ್ಲ ಕಣೋ."

ಸಂಗೀತದ ಟೀಚರ್ ಜೊನೆಲ್ ಪಿಕೂ ನಮ್ಮ ಜೊತೆ ಸೇರಿದಳು. ಇಪ್ಪತ್ತೆಂಟು ವರ್ಷ, ತೆಳ್ಳಗೆ, ತಾಳ ತಪ್ಪಿದರೆ ದೇವರನ್ನೂ ಬಿಡದವಳು. ಕಾನೂನನ್ನೆಲ್ಲ ಅವಳೇ ಓದಿಕೊಂಡು ಬಂದು ನಮಗೆ ಹೇಳಿದಳು. ಮೂವತ್ನಾಲ್ಕು ಶಿಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಂಘ ಬೇಕು ಎಂಬ ನೀಲಿ ಕಾರ್ಡಿಗೆ ಸಹಿ ಹಾಕಬೇಕು. ಕಾರ್ಡುಗಳು ಸರ್ಕಾರದ ಕಾರ್ಮಿಕ ಮಂಡಳಿಗೆ ಹೋಗಬೇಕು, ಸಂಘ ಬೇಕೋ ಬೇಡವೋ ಎಂದು ಮಂಡಳಿ ಚುನಾವಣೆ ನಡೆಸುತ್ತದೆ. ಅಲ್ಲಿಯವರೆಗೆ ಆಡಳಿತದವರ ಕಿವಿಗೆ ಒಂದು ಮಾತೂ ಬೀಳಬಾರದು.

ಸೇರುವುದು ಎಲ್ಲಿ? ಓರಾಲೀ ಮನೆಯಲ್ಲಿ. ಯಾವತ್ತು? ಸೋಮವಾರ. ಹೇಗಿದ್ದರೂ ಸೋಮವಾರ ಅವಳು ಕೆಂಪು ಬೀನ್ಸ್ ಬೇಯಿಸುತ್ತಿದ್ದಳು. ನಮ್ಮೂರಲ್ಲಿ ಸೋಮವಾರ ಯಾರು ತಾನೆ ಬೇಯಿಸುವುದಿಲ್ಲ? ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಸಾಸೇಜು ಹಾಕಿ ಸಣ್ಣ ಉರಿಗೆ ಇಟ್ಟರೆ ಸಂಜೆ ಅನ್ನದ ಮೇಲೆ ಸುರಿದುಕೊಳ್ಳುವುದು. ಬೀನ್ಸ್ ಇಟ್ಟ ಮನೆಗೆ ಯಾರು ಬಂದರೂ ಒಂದು ತಟ್ಟೆ ಕೊಡಲೇಬೇಕು. ನಮ್ಮ ಎಡವಟ್ಟು ಅಲ್ಲಿಂದಲೇ ಶುರುವಾದದ್ದು.

ಅಕ್ಟೋಬರಿನ ಮೊದಲ ಸೋಮವಾರ ಸಂಜೆ ಒಂಬತ್ತು ಜನ ಸೇರಿದೆವು. ಊಟದ ಮೇಜಿನ ತುಂಬ ನೀಲಿ ಕಾರ್ಡು. ಜೊನೆಲ್ ಎದ್ದು ನಿಂತು ಓದಿದಳು: "ನಿಯಮ ಒಂದು. ಇಲ್ಲಿ ನಡೆಯೋದು ಹೆಡ್‌ಮಾಸ್ಟರ್‌ಗೆ ತಿಳೀಬಾರ್ದು."

ಕರೆಗಂಟೆ ಹೊಡೆಯಿತು. ನಾನು ಪರದೆ ಸರಿಸಿ ನೋಡಿದೆ.

"ಓರಾಲೀ, ಹೆಡ್‌ಮಾಸ್ಟರು."

"ಅಯ್ಯೋ ದೇವ್ರೇ," ಅಂದಳು ಓರಾಲೀ, ಅವಳ ಪಿಸುಮಾತಿನಲ್ಲಿ, ಅಂದರೆ ಆಚೆ ಮನೆಯ ನಾಯಿ ಬೊಗಳುವಷ್ಟು ಜೋರಾಗಿ. "ನಾನೇ ಕರೆದೆ."

"ಏನಂದ್ರಿ?" ಜೊನೆಲ್ ಕೈಯ ಕಾಗದ ಕೆಳಗಿಟ್ಟಳು.

"ಬೆಳಿಗ್ಗೆ ಜೆರಾಕ್ಸ್ ಮೆಷಿನ್ ಹತ್ರ ಕೆಮ್ತಾ ನಿಂತಿದ್ದ ಕಣೇ. ಡಬ್ಬದಿಂದ ತಣ್ಣಗಿರೋ ಸೂಪ್ ಚಮಚದಲ್ಲಿ ತಿಂತಿದ್ದ. ಬಾಯಿಗೆ ಬಂದುಬಿಡ್ತು. ಸಂಜೆ ಬನ್ನಿ, ಬೀನ್ಸ್ ತಿನ್ನಿ ಅಂದೆ."

"ಮಿಸ್ ಓರಾಲೀ! ಇವತ್ತು ಗುಟ್ಟಿನ ಮೀಟಿಂಗು!"

"ಇವತ್ತು ಸೋಮವಾರಾನೂ ಹೌದು. ಸೋಮವಾರದ ದಿನ ಹಸ್ಕೊಂಡಿರೋರಿಗೆ ಬೇರೆ ಏನಂತಾರೆ?"

"ಬಾಗಿಲು ತೆಗೀಬೇಡಿ. ಯಾರೂ ಇಲ್ಲ ಅಂದ್ಕೊಂಡು ಹೋಗ್ತಾರೆ."

"ನಮ್ಮ ಒಂಬತ್ತು ಜನರ ಕಾರು ಹೊರಗಿದೆ, ಬೀನ್ಸ್ ವಾಸನೆ ಬೀದಿ ತುಂಬ ಇದೆ. ಕರೆದವನನ್ನ ಮೆಟ್ಟಿಲಿಂದ ಹಂಗೇ ಕಳಿಸಿದ್ರೆ ನಮ್ಮಮ್ಮ ಗೋರಿಯಿಂದ ಎದ್ದು ಬಂದು ಕೆನ್ನೆಗೆ ಬಾರಿಸ್ತಾಳೆ."

ಅವಳು ಬಾಗಿಲ ಕಡೆ ನಡೆದೇಬಿಟ್ಟಳು. ಜೊನೆಲ್ ಅರ್ಧ ಕಾರ್ಡುಗಳನ್ನು ಬಾಚಿ ಕುರ್ಚಿಯ ಮೇಲೆ ಹಾಕಿ ಅದರ ಮೇಲೆ ಕೂತಳು. ಉಳಿದವುಗಳ ಮೇಲೆ ನಾನು ಜೋಳದ ಬ್ರೆಡ್ಡಿನ ಬಿಸಿ ಬಾಣಲೆ ಇಟ್ಟೆ. ಮುಂದೆ ಕಾರ್ಮಿಕ ಮಂಡಳಿಗೆ ಸಲ್ಲಿಸಿದ ಕಾರ್ಡುಗಳಲ್ಲಿ ಏಳರ ಮೇಲೆ ಬೆಣ್ಣೆಯ ಕಲೆ ಇತ್ತು. ಸಹಿ ಸರಿಯಾಗಿದ್ದರಿಂದ ಮಂಡಳಿಯವರು ಏನೂ ಅನ್ನಲಿಲ್ಲ.

ಹೆಡ್‌ಮಾಸ್ಟರ್ ಬ್ರೆಂಟ್ ಹಾಲ್ವರ್ಸನ್ ದೂರದ ಉತ್ತರದ ಮಿನೆಸೋಟಾದವರು. ಮೂವತ್ತೊಂದು ವರ್ಷ. ಉಪ್ಪನ್ನೇ ಖಾರ ಅನ್ನುವ ಮನುಷ್ಯ. ಆಡಳಿತ ಮಂಡಳಿಯ ಕಚೇರಿ ಇರುವುದು ಅಟ್ಲಾಂಟಾದಲ್ಲಿ. ಅಲ್ಲಿಂದ ಬಂದ ಆದೇಶವನ್ನು ನಮಗೆ ಓದಿ ಹೇಳುವುದು ಅವರ ಕೆಲಸ. ಏಪ್ರಿಲ್ ಕಾಗದಕ್ಕೆ ಸಹಿ ಹಾಕುವುದೂ ಅವರೇ. ಕೆಟ್ಟವರಲ್ಲ. ಅಂಗಡಿಯಲ್ಲಿ ಕೊಂಡ ಹಣ್ಣಿನ ಸಿಹಿ ಪೈ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನಮ್ಮ ಒಂಬತ್ತು ಮುಖಗಳನ್ನು ನೋಡಿದರು.

"ಓ, ಎಲ್ಲರೂ ಇದ್ದೀರಿ! ಏನು ವಿಶೇಷ?"

ಓರಾಲೀಗೆ ಸುಳ್ಳೂ ಬರುತ್ತಿರಲಿಲ್ಲ. ಅವಳು ಬಾಯಿ ತೆರೆಯುವುದನ್ನು ಕಂಡು ನಾನೇ ನುಗ್ಗಿದೆ.

"ಮಾರ್ಡಿ ಗ್ರಾ."

"ಅದು ಫೆಬ್ರವರಿಯಲ್ಲಿ ಬರೋ ಹಬ್ಬ ಅಲ್ವಾ?"

"ಅದಕ್ಕೇ ಈಗ್ಲೇ ಶುರು ಮಾಡಿದ್ದು. ನಡಿಗೆ ತಂಡ. ವೇಷ ಹೊಲ್ಕೊಂಡು ಮೆರವಣಿಗೇಲಿ ನಡೀತೀವಿ. ಟೀಚರ್‌ಗಳ ತಂಡ."

ನಮ್ಮೂರಲ್ಲಿ ಇದು ಅನುಮಾನ ಹುಟ್ಟಿಸುವ ಮಾತೇ ಅಲ್ಲ. ಅಕ್ಟೋಬರಿನಿಂದ ಮುಂದಕ್ಕೆ ಒಂದು ಕೋಣೆಯಲ್ಲಿ ನಾಲ್ಕು ಜನ ಕೂತಿದ್ದರೆ ವೇಷದ ಅಂಟು ಎಲ್ಲಿ ಅಗ್ಗ ಎಂದೇ ಮಾತಾಡುತ್ತಿರುತ್ತಾರೆ. ಬ್ರೆಂಟ್ ನಂಬಿದರು. ನಂಬಿದರೆ ಪರವಾಗಿರಲಿಲ್ಲ, ಅವರ ಕಣ್ಣು ಒದ್ದೆಯಾಯಿತು.

"ಎರಡು ವರ್ಷ ಆಯ್ತು ಈ ಊರಿಗೆ ಬಂದು. ಯಾರಾದ್ರೂ ನನ್ನನ್ನ ತಂಡಕ್ಕೆ ಕರೀತಾರಾ ಅಂತ ಕಾಯ್ತಿದ್ದೆ."

ಜೊನೆಲ್ ಕಾರ್ಡುಗಳ ಮೇಲೆ ಕೂತಲ್ಲಿಂದ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಓರಾಲೀ ಮಾತ್ರ ತಟ್ಟೆಗೆ ಅನ್ನ ಹಾಕಿ ಅದರ ಮೇಲೆ ಬೀನ್ಸ್ ಸುರಿದಳು. "ಕೂತ್ಕೊಳ್ಳಿ ಮಿಸ್ಟರ್ ಬ್ರೆಂಟ್. ಕೆಮ್ಮಿಗೆ ಇದಕ್ಕಿಂತ ಔಷಧಿ ಇಲ್ಲ."

ಹೀಗೆ ಹೆಡ್‌ಮಾಸ್ಟರನ್ನು ಸೇರಿಸಿಕೊಂಡೇ ನಮ್ಮ ಗುಟ್ಟಿನ ಸಂಘ ಬೆಳೆಯಿತು. ಬ್ರೆಂಟ್ ಒಂದು ಸೋಮವಾರವೂ ತಪ್ಪಿಸಲಿಲ್ಲ. ಆರೂವರೆಗೆ ಸರಿಯಾಗಿ ಬರುವರು, ಆದ್ದರಿಂದ ನಾವು ಐದೂವರೆಗೆ ಸೇರಿ ಒಂದು ಗಂಟೆಯಲ್ಲಿ ಸಂಘದ ಕೆಲಸ ಮುಗಿಸಿ ಅಂಟಿನ ಡಬ್ಬಿ ತೆಗೆಯುತ್ತಿದ್ದೆವು. ಹೊಸದಾಗಿ ಸಹಿ ಹಾಕುವವರು ತಡವಾಗಿ ಬಂದರೆ ಅಡಿಗೆಮನೆಗೆ ಕರೆದುಕೊಂಡು ಹೋಗಬೇಕಾಗುತ್ತಿತ್ತು.

"ಅನ್ನ ಬೆಂದಿದೆಯಾ ನೋಡೋಕೆ ಏಳು ಜನ ಬೇಕಾ?" ಎಂದು ಒಂದು ದಿನ ಬ್ರೆಂಟ್ ಕೇಳಿದರು.

"ಇದು ಲೂಸಿಯಾನಾ," ಅಂದಳು ಓರಾಲೀ. ಅವರು ತಲೆದೂಗಿದರು.

ಯಾವ ವೇಷ ಎಂಬ ಚರ್ಚೆ ಎದ್ದಾಗ ಬ್ರೆಂಟ್ ಉತ್ಸಾಹದಿಂದ ಎದ್ದು ನಿಂತರು. "ಚಾಕ್‌ಪೀಸ್ ಆಗೋಣ! ಎಲ್ಲರಿಗೂ ಕಾಲ್ತನಕ ಬಿಳಿ ನಿಲುವಂಗಿ, ತಲೆ ಮೇಲೆ ಉದ್ದ ಚೂಪು ಬಿಳಿ ಟೋಪಿ."

ಕೋಣೆಯಲ್ಲಿ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಕರಿಯರು. ಅಂಥ ಅಂಗಿ, ಅಂಥ ಟೋಪಿ ತೊಟ್ಟ ಬಿಳಿಯರು ನಮ್ಮ ಅಜ್ಜಂದಿರ ಮನೆಯ ಮುಂದೆ ಪಂಜು ಹಿಡಿದು ಸುಡುವ, ನೇಣು ಹಾಕುವ ಕೆಲಸಕ್ಕೆ ಬರುತ್ತಿದ್ದರು ಎಂಬುದನ್ನು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಬ್ರೆಂಟ್ ಕೈಯಲ್ಲಿ ಟೋಪಿಯ ಆಕಾರವನ್ನು ಇನ್ನೂ ಗಾಳಿಯಲ್ಲೇ ತೋರಿಸುತ್ತಿದ್ದರು. ನಿಧಾನವಾಗಿ ಅವರ ಕೈ ಇಳಿಯಿತು, ಕಿವಿ ಕೆಂಪಾಯಿತು.

"ಪೆನ್ಸಿಲ್ ಆಗೋಣ ಕಂದಾ," ಅಂದಳು ಓರಾಲೀ. "ಹಳದಿ ಬಣ್ಣ ಎಲ್ಲರಿಗೂ ಒಪ್ಪುತ್ತೆ."

ಆಮೇಲೆ ನಮಗೆ ನಗು ತಡೆಯಲಾಗಲಿಲ್ಲ. ಜೊನೆಲ್ ಕೂಡ ನಕ್ಕಳು. ನಕ್ಕಿದ್ದಕ್ಕೆ ಆಮೇಲೆ ಸಿಟ್ಟು ಮಾಡಿಕೊಂಡಳು.

ಕಾರ್ಡುಗಳು ಹದಿನಾರಾದವು, ಹತ್ತೊಂಬತ್ತಾದವು. ಹೊಲಿದ ಪೆನ್ಸಿಲ್ಲುಗಳು ಅದಕ್ಕಿಂತ ಹೆಚ್ಚಾದವು. ಆದರೆ ಓರಾಲೀ ಇಳಿದುಹೋಗುತ್ತಿದ್ದಳು. ಒಂದು ದಿನ ಎಲ್ಲರೂ ಹೋದಮೇಲೆ ಪಾತ್ರೆ ತಿಕ್ಕುತ್ತ ಹೇಳಿದಳು: "ನನ್ನ ಕೈಯಿಂದ ಅನ್ನ ತಿನ್ನೋನಿಗೆ ವಾರವಾರ ಸುಳ್ಳು ಹೇಳ್ತಿದೀನಿ ಆಲ್ಸೀಡ್."

"ಸುಳ್ಳು ಹೇಳಿದೋನು ನಾನು. ನೀನು ಬರೀ ಬಡಿಸ್ತಿದೀಯ."

"ಬಡಿಸೋದು ಅದಕ್ಕಿಂತ ಪಾಪ. ಹೇಳಿಬಿಡ್ಲಾ?"

"ಹೇಳು. ಏಪ್ರಿಲ್‌ನಲ್ಲಿ ನಿನಗೆ ಕಾಗದ ಕೊಡೋಕೆ ಅವರಿಗೆ ಕೆಲಸ ಕಡಿಮೆಯಾಗುತ್ತೆ."

ಅವಳು ಪಾತ್ರೆಯನ್ನು ಇನ್ನೊಂದು ಸಲ ತಿಕ್ಕಿದಳು.

ಮಾರ್ಡಿ ಗ್ರಾ ದಿನ ಇಪ್ಪತ್ತೆರಡು ಪೆನ್ಸಿಲ್ಲುಗಳು ಬೀದಿಯಲ್ಲಿ ನಡೆದವು. ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ಉದ್ದ, ಒಂದು ತಾಳಕ್ಕೂ ಹೆಜ್ಜೆ ಕೂಡದ ಪೆನ್ಸಿಲ್ ನಮ್ಮ ಹೆಡ್‌ಮಾಸ್ಟರು. ಮಕ್ಕಳು ಗುರುತು ಹಿಡಿದು ಕಿರುಚಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಪಕ್ಕದಲ್ಲಿ ನಡೆಯುತ್ತಿದ್ದ ಓರಾಲೀ ನನಗೆ "ನಾಳಿದ್ದು ಅಲ್ವಾ ಕಾರ್ಡ್ ಕೊಡೋದು?" ಎಂದು ಕೇಳಿದಳು. ಪಕ್ಕದಲ್ಲೇ ಬ್ಯಾಂಡು ಬಾರಿಸುತ್ತಿದ್ದದ್ದು ನಮ್ಮ ಪುಣ್ಯ.

ಆ ಗುರುವಾರ ಇಪ್ಪತ್ಮೂರು ಕಾರ್ಡುಗಳನ್ನು ಕಾರ್ಮಿಕ ಮಂಡಳಿಗೆ ಸಲ್ಲಿಸಿದೆವು. ಶುಕ್ರವಾರ ಬ್ರೆಂಟ್‌ಗೆ ನೋಟಿಸ್ ಬಂತು. ಕಾರ್ಡಿಗೆ ಸಹಿ ಹಾಕಿದವರು ಯಾರೆಂದು ಮಂಡಳಿ ಹೇಳುವುದಿಲ್ಲ, ಆದರೆ ಸಂಘಟನಾ ಸಮಿತಿಯ ನಾವು ಒಂಬತ್ತು ಜನ ಹೆಸರು ಹಾಕಿ ಕಾಗದ ಕೊಟ್ಟಿದ್ದೆವು. ಹೆಸರು ಮುಂದೆ ಇದ್ದವರನ್ನು ತೆಗೆದರೆ ಸಂಘದ ಸಿಟ್ಟಿಗೇ ತೆಗೆದರು ಎಂದು ತೋರಿಸಬಹುದು, ಆದ್ದರಿಂದ ತೆಗೆಯುವುದು ಕಷ್ಟ ಎಂದು ಜೊನೆಲ್ ಹೇಳಿದ್ದಳು. ಬ್ರೆಂಟ್ ಅದನ್ನು ಓದುತ್ತಿದ್ದಾಗ ನಾನು ಕಚೇರಿಯ ಗಾಜಿನಾಚೆ ನಿಂತಿದ್ದೆ. ಒಂದೊಂದು ಹೆಸರಿಗೂ ಬೆರಳಿಟ್ಟು ಓದಿದರು. ಅದು ಅವರ ನಡಿಗೆ ತಂಡದ ಪಟ್ಟಿಯೂ ಆಗಿತ್ತು.

ಮುಂದಿನ ಸೋಮವಾರ ಅವರು ಬರುವುದಿಲ್ಲ ಎಂದುಕೊಂಡಿದ್ದೆವು. ಆರೂವರೆಗೆ ಗಂಟೆ ಹೊಡೆಯಿತು. ಬ್ರೆಂಟ್ ಮೆಟ್ಟಿಲ ಮೇಲೆ ಪೈ ಹಿಡಿದುಕೊಂಡು ನಿಂತಿದ್ದರು.

"ನಾನು ಇನ್ನೂ ತಂಡದಲ್ಲಿದ್ದೀನಾ ಮಿಸ್ ಓರಾಲೀ?"

ಹಿಂದಿನಿಂದ ಜೊನೆಲ್ ಕೂಗಿದಳು: "ಒಳಗೆ ಬರೋ ಹಾಗಿಲ್ಲ! ಇದು ಸಂಘದ ಸಭೆ, ಅವರು ಆಡಳಿತ! ಕಾನೂನು!"

ಓರಾಲೀ ಎರಡು ತಟ್ಟೆ ಹಾಕಿಕೊಂಡು ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಮೆಟ್ಟಿಲ ಮೇಲೆ ಅವರ ಪಕ್ಕ ಕೂತಳು. ಒಳಗೆ ಎಂಟು ಜನ ಬಾಗಿಲ ಹತ್ತಿರ ನಿಂತು ಕೇಳಿದೆವು. ಅವಳ ಮಾತು ಕೇಳಿಸಿಕೊಳ್ಳುವುದಕ್ಕೆ ಕಷ್ಟವೇನೂ ಇರಲಿಲ್ಲ.

"ನನ್ನ ಮೇಲೆ ಸಿಟ್ಟಿದ್ರೆ ಹೇಳು. ತಿಂತಾ ಹೇಳು, ಆರುತ್ತೆ."

"ಎಲ್ಲ ನಾಟಕನಾ? ಪೆನ್ಸಿಲ್ ಕೂಡ?"

"ಮೊದಲ್ನೇ ದಿನ ನಾಟಕ. ಆಮೇಲೆ ಅಲ್ಲ. ನಾಟಕಕ್ಕೆ ಯಾರಾದ್ರೂ ಇಪ್ಪತ್ತೆರಡು ನಿಲುವಂಗಿ ಹೊಲೀತಾರಾ?"

ಸ್ವಲ್ಪ ಹೊತ್ತು ಚಮಚದ ಸದ್ದು. "ನನ್ನ ಕೈಲಿ ಏಪ್ರಿಲ್ ಕಾಗದಕ್ಕೆ ಸಹಿ ಹಾಕಿಸ್ತಾರೆ," ಅಂದರು ಬ್ರೆಂಟ್. "ಅಟ್ಲಾಂಟಾದವರು ನಿಮ್ಮ ಹೆಸರು ಆಗಲೇ ಕೇಳಿದಾರೆ."

"ಗೊತ್ತು ಕಂದಾ. ಬೀನ್ಸ್ ಇನ್ನೊಂಚೂರು ಹಾಕ್ಲಾ?"

ಎರಡು ವಾರದಲ್ಲಿ ಅಟ್ಲಾಂಟಾದಿಂದ ವಕೀಲರೇ ಬಂದರು. ಬೂದು ಸೂಟು, ಒಳ್ಳೆಯ ನಡತೆ. ಓರಾಲೀಯನ್ನು ಹೆಡ್‌ಮಾಸ್ಟರ್ ಕೋಣೆಗೆ ಕರೆಸಿದರು. ನನ್ನನ್ನು ಅವಳು "ನನ್ನ ಚೀಲ ಭಾರ, ಇವನು ಹಿಡ್ಕೊಂಡಿರ್ತಾನೆ" ಎಂದು ಕರೆದುಕೊಂಡು ಹೋದಳು. ಚೀಲದಲ್ಲಿ ಒಂದು ಕರವಸ್ತ್ರ ಇತ್ತು.

ವಕೀಲರ ಎದುರಿಗೆ ಒಂದು ಕಾಗದ ಸಿದ್ಧವಾಗಿತ್ತು. ನಾನು ನಿಂತಲ್ಲಿಂದ ಓದಲಾಗದಿದ್ದರೂ ಅದರಲ್ಲಿ ಏನಿದೆ ಎಂದು ಗೊತ್ತಿತ್ತು. ಅವಳು ಸಹೋದ್ಯೋಗಿಗಳನ್ನು ಸುಳ್ಳು ನೆಪ ಹೇಳಿ ಮನೆಗೆ ಕರೆದು ದಾರಿ ತಪ್ಪಿಸಿದಳು, ಶಾಲೆಯ ವಾತಾವರಣ ಕೆಡಿಸಿದಳು ಎಂದು ತೋರಿಸಿದರೆ ಧ್ಯೇಯಕ್ಕೆ ಹೊಂದಿಕೆಯಾಗುವುದಿಲ್ಲ ಎನ್ನುವುದು ಸುಲಭ.

"ಮಿಸ್ ದುವರ್ನೆ, ಅಕ್ಟೋಬರಿನಿಂದ ಪ್ರತಿ ಸೋಮವಾರ ನಿಮ್ಮ ಮನೆಯಲ್ಲಿ ಸಂಘದ ಸಭೆ ನಡೆದಿದೆ ಅಂತ ನಮಗೆ ತಿಳಿದುಬಂದಿದೆ."

"ಸೋಮವಾರ ಬೀನ್ಸ್ ಮಾಡ್ತೀನಿ. ಬಂದವರಿಗೆ ಬಡಿಸ್ತೀನಿ."

"ಯಾರು ಯಾರು ಬರ್ತಿದ್ರು?"

"ಹಸಿವಾದೋರು."

"ಹೆಸರು ಹೇಳೋದಿಲ್ವಾ?"

"ಉಂಡವರ ಹೆಸರು ಬರೆದಿಡೋ ಪದ್ಧತಿ ನಮ್ಮ ಮನೇಲಿಲ್ಲ."

ವಕೀಲರು ನಿಟ್ಟುಸಿರು ಬಿಟ್ಟು ಪೆನ್ನು ಎತ್ತಿಕೊಂಡರು. ಆಗ ಮೂಲೆಯ ಕುರ್ಚಿಯಿಂದ ಬ್ರೆಂಟ್, ಕ್ಲಾಸಿನಲ್ಲಿ ಮಕ್ಕಳು ಎತ್ತುವಂತೆ, ಕೈ ಎತ್ತಿದರು.

"ನಾನು ಬರ್ತಿದ್ದೆ."

ವಕೀಲರು ತಿರುಗಿದರು. "ಎಲ್ಲಿಗೆ?"

"ಆ ಸೋಮವಾರಗಳಿಗೆ."

"ಒಂದು ಸಲ?"

"ಹದಿನೆಂಟು. ಬರೀ ಅಂಟು ಹಾಕಿದ ಶನಿವಾರ ಸೇರಿಸಿದ್ರೆ ಹತ್ತೊಂಬತ್ತು."

ವಕೀಲರು ಪೆನ್ನು ಕೆಳಗಿಟ್ಟರು. ಒಳ್ಳೆಯ ಬಣ್ಣದ ಮುಖ, ನೋಡುತ್ತ ನೋಡುತ್ತ ಸೂಟಿನ ಬಣ್ಣಕ್ಕೆ ತಿರುಗಿತು. ಸಂಘ ಕಟ್ಟುವ ಸಭೆಯಲ್ಲಿ ಆಡಳಿತದವರು ಕೂತು ಯಾರು ಬಂದರು, ಯಾರು ಹೋದರು ಎಂದು ನೋಡುವುದನ್ನು ಕಾನೂನು ಬೇಹುಗಾರಿಕೆ ಎನ್ನುತ್ತದೆ. ದೊಡ್ಡ ತಪ್ಪು. ಅವು ಸಂಘದ ಸಭೆಗಳು ಎಂದು ವಕೀಲರು ಹೇಳಿದರೆ, ಅವರ ಹೆಡ್‌ಮಾಸ್ಟರು ಹದಿನೆಂಟು ಸಲ ಬೇಹು ಮಾಡಿದ ಹಾಗಾಯಿತು. ಸಂಘದ ಸಭೆಗಳಲ್ಲ, ಬರೀ ಬೀನ್ಸ್ ಎಂದರೆ, ಓರಾಲೀ ಮೇಲೆ ಹೊರಿಸಲು ಏನೂ ಉಳಿಯಲಿಲ್ಲ.

"ನಿಮಗೆ ಗೊತ್ತೇ ಆಗ್ಲಿಲ್ವಾ?" ವಕೀಲರ ದನಿ ಸಣ್ಣಗಾಗಿತ್ತು. "ನಾಲ್ಕು ತಿಂಗಳು?"

"ನಾನು ಅಂಟು ಹಚ್ತಿದ್ದೆ," ಅಂದರು ಬ್ರೆಂಟ್.

ನಮ್ಮಿಬ್ಬರನ್ನು ಹೊರಗೆ ಕಳಿಸಿದರು. ಕಾರಿಡಾರಿನಲ್ಲಿ ಓರಾಲೀ ಗೋಡೆಗೆ ಒರಗಿ ನಿಂತು ಕರವಸ್ತ್ರ ಕೇಳಿದಳು. ನಗುತ್ತಿದ್ದಾಳೆ ಎಂದುಕೊಂಡೆ. ಅಲ್ಲ. "ಗೊತ್ತಿತ್ತು ಆಲ್ಸೀಡ್," ಅಂದಳು. "ಆ ಮಗೂಗೆ ಕಾನೂನು ಗೊತ್ತಿತ್ತು. ಗೊತ್ತಿದ್ದೇ ಕೈ ಎತ್ತಿದ." ಹೌದೋ ಅಲ್ಲವೋ ನಾನು ಹೇಳಲಾರೆ. ಬ್ರೆಂಟ್‌ರನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಅವರು ಮಾತು ಬದಲಿಸುತ್ತಾರೆ.

ಏಪ್ರಿಲ್‌ನಲ್ಲಿ ಓರಾಲೀಗೆ "ಬೇಕು" ಎಂಬ ಕಾಗದವೇ ಬಂತು. ಮೇ ತಿಂಗಳ ಚುನಾವಣೆಯಲ್ಲಿ ಇಪ್ಪತ್ತೊಂದಕ್ಕೆ ಹದಿಮೂರು, ಸಂಘ ಗೆದ್ದಿತು. ಕಾರ್ಡಿಗೆ ಸಹಿ ಹಾಕಿದವರು ಇಪ್ಪತ್ಮೂರು ಜನ. ಕೈಕೊಟ್ಟ ಆ ಇಬ್ಬರು ಯಾರು ಎಂದು ಜೊನೆಲ್ ಇವತ್ತಿಗೂ ಹುಡುಕುತ್ತಿದ್ದಾಳೆ. ಒಪ್ಪಂದ ಕುದುರಿಸುವುದಕ್ಕೆ ಇನ್ನೂ ಹದಿನಾಲ್ಕು ತಿಂಗಳು ಹಿಡಿಯಿತು. ಉಳಿದ ಕಲಮುಗಳನ್ನೆಲ್ಲ ಜೊನೆಲ್‌ಗೆ ಬಿಟ್ಟು ಓರಾಲೀ ಒಂದಕ್ಕೇ ಜೋತುಬಿದ್ದಳು: ಯಾರನ್ನೇ ಕೆಲಸದಿಂದ ತೆಗೆದರೂ ಕಾರಣವನ್ನು ಬರೆದು ಕೊಡಬೇಕು, ಅದರ ವಿರುದ್ಧ ಹತ್ತು ದಿನದೊಳಗೆ ದೂರು ಹಾಕಲು ಅವಕಾಶ ಇರಬೇಕು. ಅದು ಬಂತು.

ಒಪ್ಪಂದಕ್ಕೆ ಸಹಿಯಾದ ಮರುದಿನ ಬೆಳಿಗ್ಗೆ ಅವಳು ಶಾಲೆಗೆ ಬರಲಿಲ್ಲ. ನಾನು ಗಾಬರಿಯಾಗಿ ಫೋನ್ ಮಾಡಿದೆ.

"ರಜೆ ಹಾಕಿದೀನಿ."

"ಏನಾಯ್ತು?"

"ಏನೂ ಇಲ್ಲ. ರಜೆ ಹಾಕಿದ್ರೆ ಹೆಂಗಿರುತ್ತೆ ನೋಡೋಣ ಅಂತ. ಹತ್ತು ಗಂಟೆಗೆ ಟೀವಿಲಿ ಏನೇನೋ ಬರುತ್ತೆ ಆಲ್ಸೀಡ್, ನಮಗೆ ಗೊತ್ತೇ ಇರ್ಲಿಲ್ಲ."

ಎರಡನೇ ಸಲ ರಜೆ ಹಾಕಿದ್ದು ಡಾಕ್ಟರಿಗೆ ತೋರಿಸಲು. ಹೊಟ್ಟೆಯಲ್ಲಿ ಒಂದು ನೋವು ಇತ್ತಂತೆ, ತುಂಬಾ ದಿನದಿಂದ. ಎಷ್ಟು ದಿನ ಎಂದರೆ "ಪೆನ್ಸಿಲ್ ಹೊಲೀತಿದ್ದಾಗ್ಲೇ ಇತ್ತು" ಅಂದಳು. ಆ ದಿನಗಳಲ್ಲಿ ರಜೆ ಕೇಳುವ ಧೈರ್ಯ ಇರಲಿಲ್ಲ. ಡಾಕ್ಟರು ತಡವಾಯಿತು ಎಂದರು. ನನಗೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಅದನ್ನು ಯಾರ ಮೇಲೆ ಹಾಕಬೇಕು ಎಂದೂ ಗೊತ್ತಾಗಿಲ್ಲ.

ಒಪ್ಪಂದದ ಪ್ರಕಾರ ಕಾಯಿಲೆಯ ರಜೆಗೆ ಒಂದು ವರ್ಷ ಅವಳ ಜಾಗ ಅವಳದೇ. ಅಟ್ಲಾಂಟಾದವರು ಎರಡು ಸಲ ಕೇಳಿದರಂತೆ, ಆ ಜಾಗ ಖಾಲಿಯಾದ ಹಾಗಾಯಿತಲ್ಲ ಎಂದು. ಬ್ರೆಂಟ್ ಎರಡು ಸಲವೂ "ಖಾಲಿ ಇಲ್ಲ, ರಜೆ" ಎಂದು ಉತ್ತರ ಬರೆದರು. ಬದಲಿಗೆ ಬಂದ ಟೀಚರಮ್ಮ ಪಾಪ ಒಳ್ಳೆಯವಳೇ. ಓರಾಲೀ ಹಾಸಿಗೆಯಿಂದಲೇ ಮಕ್ಕಳ ನೋಟ್‌ಬುಕ್ ತರಿಸಿಕೊಂಡು, ಆ ಟೀಚರಮ್ಮ ಹಾಕಿದ ಅಂಕಗಳನ್ನು ತಿದ್ದಿ, ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಕಾರಣ ಬರೆದು ಕಳಿಸುತ್ತಿದ್ದಳು.

ನಾನು ದಿನಾ ಸಂಜೆ ಹೋಗುತ್ತಿದ್ದೆ. ಹೋದ ಕೂಡಲೇ ಅವಳ ಮೊದಲ ಪ್ರಶ್ನೆ ಒಂದೇ.

"ನನ್ನ ಕೆಲ್ಸ ಇದೆಯಾ?"

"ಇದೆ."

"ನೀನು ಕಣ್ಣಾರೆ ನೋಡ್ದ್ಯಾ?"

"ಪಟ್ಟಿಲಿ ಹೆಸರಿದೆ. ನಾಲ್ಕನೇ ಕ್ಲಾಸು, ದುವರ್ನೆ."

"ಸರಿ ಹಂಗಾದ್ರೆ. ಕೂತ್ಕೋ."

ಕೊನೆಯ ವಾರ ದನಿ ತುಂಬ ಇಳಿದಿತ್ತು. ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಬೇಕಾಗಿತ್ತು. "ಈಗ ಕಲಿತೆ ನೋಡು," ಅಂದಳು, ಪಿಸುಗುಟ್ಟುವುದನ್ನು. ನಾನು ನಗಲಿಲ್ಲ. ನಗಬೇಕಾಗಿತ್ತು, ಅವಳು ಅದಕ್ಕೇ ಹೇಳಿದ್ದು. ಒಂದು ಮಂಗಳವಾರ ಬೆಳಿಗ್ಗೆ ಹೋದಳು. ರಜೆ ಇನ್ನೂ ನಾಲ್ಕು ತಿಂಗಳು ಉಳಿದಿತ್ತು.

ಮಣ್ಣು ಮಾಡಿದ ನಾಲ್ಕನೇ ದಿನ ಬ್ರೆಂಟ್ ನನ್ನನ್ನೂ ಜೊನೆಲ್‌ಳನ್ನೂ ಕೋಣೆಗೆ ಕರೆದರು. ಮೇಜಿನ ಮೇಲೆ ಒಂದು ಫಾರಂ. ಶಿಕ್ಷಕರೊಬ್ಬರ ಕೆಲಸ ಕೊನೆಗೊಂಡರೆ ಹೆಡ್‌ಮಾಸ್ಟರ್ ಕಾರಣ ಬರೆದು, ಒಂದು ಪ್ರತಿಯನ್ನು ಸಂಘಕ್ಕೆ ಕೊಡಬೇಕು. ಒಪ್ಪಂದ ಆದಮೇಲೆ ಆ ಫಾರಂ ತುಂಬುತ್ತಿದ್ದದ್ದು ಅದೇ ಮೊದಲು. ಹೆಸರು, ತರಗತಿ ಎಲ್ಲ ತುಂಬಿದ್ದರು. "ಕಾರಣ" ಎಂಬಲ್ಲಿ ಮಾತ್ರ ಖಾಲಿ ಬಿಟ್ಟಿದ್ದರು.

"ಬರೆಯೋಕೆ ಕೈ ಬರ್ತಿಲ್ಲ," ಅಂದರು.

"ಬರೀಲೇಬೇಕು ಮಿಸ್ಟರ್ ಬ್ರೆಂಟ್," ಅಂದಳು ಜೊನೆಲ್. "ಅವರು ಹೋರಾಡಿದ್ದೇ ಅದಕ್ಕೆ."

ಅವರು "ಮರಣ" ಎಂದು ಬರೆದು ಸಹಿ ಹಾಕಿ ಅವಳ ಕಡೆ ತಳ್ಳಿದರು. ಜೊನೆಲ್ ಪ್ರತಿಯನ್ನು ಕೈಗೆತ್ತಿಕೊಂಡು ಮೇಲಿನಿಂದ ಕೆಳಗಿನವರೆಗೆ, ನಿಯಮಗಳನ್ನು ಓದುವ ಅದೇ ಮುಖದಿಂದ, ಎರಡು ಸಲ ಓದಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಕಾರಣ ಒಪ್ಪಿಗೆಯಾಗದಿದ್ದರೆ ಹತ್ತು ದಿನದೊಳಗೆ ದೂರು ಸಲ್ಲಿಸಬಹುದು ಎಂದಿತ್ತು.

"ಒಪ್ಪಿಗೆ ಇದೆಯಾ ನಿಮಗೆ?" ಎಂದು ನನ್ನನ್ನು ಕೇಳಿದಳು.

"ಇಲ್ಲ," ಅಂದೆ.

ಅವಳು ಬ್ರೆಂಟ್ ಮೇಜಿನ ಡ್ರಾಯರಿನಿಂದ ದೂರಿನ ಫಾರಂ ತೆಗೆದಳು. ನಾವಿಬ್ಬರೂ ಸಹಿ ಹಾಕಿದೆವು. ಬ್ರೆಂಟ್ ಅದಕ್ಕೆ ಶಾಲೆಯ ಮೊಹರು ಒತ್ತಿ, ತಾರೀಖು ಹಾಕಿ, ಸ್ವೀಕರಿಸಿದ್ದೇನೆ ಎಂದು ಬರೆದುಕೊಟ್ಟರು. ಉತ್ತರ ಕೊಡಲು ನಿಯಮದ ಪ್ರಕಾರ ಅವರಿಗೆ ಹದಿನೈದು ದಿನ ಇದೆ. ಇನ್ನೂ ಬಂದಿಲ್ಲ.